ಬಾಯಲ್ಲಿ ಬಿಳಿ ಪದರ: ಉಷ್ಣ ಅಂತ ಸುಮ್ನೆ ಕೂರಬೇಡಿ

ಪ್ರಶ್ನೆ: ನಮ್ಮವ್ವನಿಗೆ 64 ವರ್ಷ, ಶುಗರ್ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಾರೆ. ಮೇಲೆ ಹಲ್ಲಿನ ಸೆಟ್ ಹಾಕಿಸಿದ್ದೇವೆ. ಒಂದು ತಿಂಗಳಿಂದ ನಾಲಿಗೆ, ಕೆನ್ನೆಯ ಒಳಗೆಲ್ಲ ಬಿಳಿ ಬಿಳಿ ಕಟ್ಟಿದೆ. ರೊಟ್ಟಿ ಜೊತೆ ಕೆಂಪು ಚಟ್ನಿ ಬಾಯಿಗೆ ಇಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಉಷ್ಣ ಆಗಿದೆ ಅಂತ ಬಿ ಕಾಂಪ್ಲೆಕ್ಸ್ ನುಂಗಿದರು, ಜೇನುತುಪ್ಪ ಸವರಿದರು. ಔಷಧಿ ಅಂಗಡಿಯಲ್ಲಿ ಕೊಟ್ಟ ಮೌತ್ ಪೇಂಟ್‌ನಿಂದ ಕಡಿಮೆಯಾಗಿತ್ತು, ಮತ್ತೆ ಬಂದಿದೆ. ಏನು ಮಾಡೋಣ?
– ಓದುಗರು, ಗದಗ

ಉತ್ತರ: ನೀವು ಬರೆದಿದ್ದು ನೋಡಿದರೆ ಇದು ಫಂಗಸ್ ಸೋಂಕು ಇರಬೇಕು. ಕ್ಯಾಂಡಿಡಾ ಅನ್ನೋ ಯೀಸ್ಟ್ ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲೂ ಇರುತ್ತದೆ, ತೊಂದರೆ ಕೊಡುವುದಿಲ್ಲ. ಶುಗರ್ ಏರಿದಾಗ ಎಂಜಲಿನಲ್ಲೂ ಸಕ್ಕರೆ ಅಂಶ ಜಾಸ್ತಿಯಾಗುತ್ತದೆ, ಬಾಯಿ ಒಣಗುತ್ತದೆ, ಸೋಂಕು ತಡೆಯುವ ಬಿಳಿ ರಕ್ತಕಣಗಳ ಬಲವೂ ಕುಗ್ಗುತ್ತದೆ. ಅದರ ಮೇಲೆ ಹಲ್ಲಿನ ಸೆಟ್ ಹಗಲು ರಾತ್ರಿ ಬಾಯಲ್ಲೇ ಇದ್ದರೆ, ಅದರ ಅಡಿಗೆ ಎಂಜಲು ಹರಿಯಲ್ಲ, ಫಂಗಸ್ ಅಲ್ಲೇ ಮನೆ ಮಾಡುತ್ತದೆ. ಜೇನುತುಪ್ಪ ಇವತ್ತೇ ನಿಲ್ಲಿಸಿ. ಅದೂ ಸಕ್ಕರೆಯೇ ಅಲ್ವಾ.

ಮೊದಲು ಅವ್ವನನ್ನು ಬೆಳಕಿಗೆ ಕೂರಿಸಿ, ಸೆಟ್ ತೆಗೆಸಿ ನೋಡಿ. ಒದ್ದೆ ಮಾಡಿದ ಮೆತ್ತನೆ ಬಟ್ಟೆ ಬೆರಳಿಗೆ ಸುತ್ತಿ ಬಿಳಿ ಪದರವನ್ನು ನಿಧಾನಕ್ಕೆ ಒರೆಸಿ. ಒಡೆದ ಹಾಲಿನ ಹಾಗೆ ಕಿತ್ತು ಬಂದು ಕೆಳಗೆ ಕೆಂಪಗೆ ಕಂಡರೆ ಫಂಗಸ್ ಇರುವ ಸಾಧ್ಯತೆಯೇ ಹೆಚ್ಚು. ಅಂಗುಳನ್ನೂ ನೋಡಿ. ಅಲ್ಲಿ ಬಿಳಿ ಏನೂ ಇರದೆ, ಸೆಟ್ ಕೂತಷ್ಟು ಜಾಗ ಮಾತ್ರ ಕೆಂಪಾಗಿರಬಹುದು. ತುಟಿಯ ಮೂಲೆ ಸೀಳಿರಬಹುದು. ಇವೂ ಹೆಚ್ಚಾಗಿ ಅದೇ ಫಂಗಸ್ಸಿನ ಕೆಲಸ. ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಮಾತ್ರ ತಡ ಮಾಡಬೇಡಿ, ಅದರಲ್ಲೂ ಅವ್ವನಿಗೆ ಎಲೆ ಅಡಿಕೆ, ತಂಬಾಕಿನ ರೂಢಿ ಇದ್ದರೆ. ಮುಂದೆ ಕ್ಯಾನ್ಸರ್‌ಗೆ ತಿರುಗುವ ಮಚ್ಚೆಗಳೂ ಹೀಗೇ ಇರುತ್ತವೆ, ಹಲ್ಲಿನ ವೈದ್ಯರು ನೋಡಲೇಬೇಕು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜೂ ಇದೆ.

ಮೌತ್ ಪೇಂಟ್ ಹಾಕಿದರೂ ಯಾಕೆ ಮತ್ತೆ ಬಂತು? ಉರಿ ಕಡಿಮೆಯಾದ ಕೂಡಲೇ ಜನ ನಿಲ್ಲಿಸಿಬಿಡುತ್ತಾರೆ, ಅದೊಂದು ಕಾರಣ. ಫಂಗಸ್ ಕೊಲ್ಲುವ ಕ್ಲೋಟ್ರಿಮಜೋಲ್ ಥರದ ಔಷಧಿಯನ್ನು ಸಾಮಾನ್ಯವಾಗಿ 1ರಿಂದ 2 ವಾರ, ವೈದ್ಯರು ಹೇಳಿದಷ್ಟು ದಿನ ಹಾಕಬೇಕು. ಇನ್ನೊಂದು ಕಾರಣ ಸೆಟ್. ಬಾಯಿಗೆ ಔಷಧಿ ಹಚ್ಚಿ, ಫಂಗಸ್ ಅಂಟಿದ ಸೆಟ್ಟನ್ನು ಹಾಗೇ ಏರಿಸಿದರೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ರಾತ್ರಿ ತೆಗೆದು, ಮೆತ್ತನೆ ಬ್ರಶ್ಶಿಗೆ ಸೋಪು ಹಚ್ಚಿ, ಅಂಗುಳಿಗೆ ಕೂರುವ ಒಳಮೈಯನ್ನು ಚೆನ್ನಾಗಿ ಉಜ್ಜಿ ತೊಳೆದು ತಣ್ಣೀರಲ್ಲಿ ಇಡಲಿ. ಕುದಿಯುವ ನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಸ್ಟಿರಾಯ್ಡ್ ಇರುವ ಅಸ್ತಮಾ ಪಂಪ್‌ನಿಂದಲೂ ಈ ಫಂಗಸ್ ಬರಬಹುದು, ಅದನ್ನು ಬಳಸುವವರಾದರೆ ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಪೇಂಟ್‌ಗೆ ಹೋಗಲಿಲ್ಲ ಅಂತ ಅಂಗಡಿಯಲ್ಲಿ ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಮಾತ್ರೆ ಕೇಳಿ ತಂದು ನುಂಗಿಸಬೇಡಿ. ಅವ್ವ ತಗೊಳ್ಳುವ ಗ್ಲಿಮೆಪಿರೈಡ್ ರಕ್ತದಲ್ಲಿ ಜಾಸ್ತಿ ಉಳಿಯುವ ಹಾಗೆ ಅದು ಮಾಡುತ್ತದೆ, ಶುಗರ್ ದಿಢೀರ್ ಕುಸಿಯಬಹುದು: ಬೆವರು, ಕೈ ನಡುಕ, ತಲೆ ಮಂಕು. ವೈದ್ಯರೇ ಬರೆದುಕೊಟ್ಟರೂ ಶುಗರ್ ಮಾತ್ರೆಯ ಚೀಟಿ ತೋರಿಸಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ.

ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಬೆಳಗಿನ ಫಾಸ್ಟಿಂಗ್ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಎಚ್‌ಬಿಎ1ಸಿ ಹಿಂದಿನ 2–3 ತಿಂಗಳ ಶುಗರ್ ಹೇಗಿತ್ತು ಅಂತ ಹೇಳುತ್ತದೆ. ಶುಗರ್ ಹತೋಟಿಗೆ ಬರದಿದ್ದರೆ ಎಷ್ಟು ಪೇಂಟ್ ಹಚ್ಚಿದರೂ ಫಂಗಸ್ ಮರುಕಳಿಸುತ್ತಲೇ ಇರುತ್ತದೆ. ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡ ಹಾಗಾದರೆ, ನೋವಾದರೆ, ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಆಗ ಪೇಂಟ್ ಸಾಲುವುದಿಲ್ಲ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.