ಗಾಳದ ಮಾತು: ಎಳೆಯಬೇಡಿ, ಸುಮ್ನೆ ಹಿಡಿದುಕೊಳ್ಳಿ

ಪ್ರಶ್ನೆ: ಮಾಷ್ಟ್ರೇ, ನಾನು ಪಯಸ್ವಿನಿ ಹೊಳೆಯ ಬದಿಯಲ್ಲೇ ಬೆಳೆದವನು. ಸಣ್ಣಂದಿನಿಂದ ಗಾಳ ಹಾಕಿ ಅಭ್ಯಾಸ. ಮಗ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿದ್ದಾನೆ. ಅಕ್ಟೋಬರಿನಲ್ಲಿ ಬಂದರೆ ಡೆಶೂಟ್ಸ್ ಹೊಳೆಗೆ ಸ್ಟೀಲ್‌ಹೆಡ್ ಹಿಡಿಯಲು ಕರಕೊಂಡು ಹೋಗುತ್ತಾನಂತೆ. ಎರೆಹುಳ ಹಾಕಲಿಕ್ಕಿಲ್ಲ, ಸಿಕ್ಕಿದ ಮೀನನ್ನು ಬಿಡಬೇಕು ಅಂತಾನೆ. ಹಾಗಾದರೆ ಅಷ್ಟು ದೂರ ಹೋಗಿ ಮಾಡುವುದೇನು? ನೀವು ಅಲ್ಲಿಗೆ ಹೋಗಿ ಬಂದವರು ಎಂದು ಹಿಂದೊಮ್ಮೆ ಬರೆದಿದ್ದಿರಿ.
— ಓದುಗರು, ಅಡೂರು

ಉತ್ತರ: ಹೋಗಿ. ಟಿಕೆಟ್ಟಿನ ಚಿಂತೆ ಮಗನಿಗೆ ಬಿಡಿ. ನೀವು ಈಗಿನಿಂದಲೇ ನಿಮ್ಮ ಬಲಗೈಗೆ ಬುದ್ಧಿ ಹೇಳಲು ಶುರು ಮಾಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಮೀನಿನ ವಿಷಯ. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬಂದ ರೇನ್‌ಬೋ ಟ್ರೌಟ್. ಹೊಳೆಯಲ್ಲಿ ಹುಟ್ಟಿ, ಒಂದೆರಡು ವರ್ಷ ಅಲ್ಲೇ ಇದ್ದು ಕಡಲಿಗಿಳಿಯುತ್ತದೆ. ಅಲ್ಲಿ ತಿಂದು ದೊಡ್ಡದಾಗಿ ಮೊಟ್ಟೆ ಇಡಲು ಹೊಳೆಗೇ ವಾಪಸ್. ಡೆಶೂಟ್ಸ್ ಹೋಗಿ ಸೇರುವುದು ಕೊಲಂಬಿಯಾ ನದಿಗೆ. ಹಾಗಾಗಿ ಕಡಲಿನಿಂದ ಬರುವ ಮೀನು ದಾರಿಯಲ್ಲಿ ಬಾನ್‌ವಿಲ್, ಡ್ಯಾಲ್ಸ್ ಎಂಬ 2 ಅಣೆಕಟ್ಟು ಹತ್ತಬೇಕು. ಮೀನಿಗೆಂದೇ ಮೆಟ್ಟಿಲು ಕಟ್ಟಿದ್ದಾರೆ. ಬಾನ್‌ವಿಲ್‌ನಲ್ಲಿ ನೆಲದಡಿಯ ಕೋಣೆಯಲ್ಲಿ ಗಾಜಿನ ಕಿಟಕಿ ಇದೆ, ಮೀನು ಹತ್ತುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು. ಮಗನಿಗೆ ಹೇಳಿ ಅಲ್ಲಿಗೂ ಹೋಗಿ. ಇಡಾಹೊದ ಕ್ಲಿಯರ್‌ವಾಟರ್ ಹೊಳೆಗೆ ಹೋಗುವ ಮೀನಂತೂ 8 ಅಣೆಕಟ್ಟು ಹತ್ತುತ್ತದೆ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಿಮಗೆ ಸಿಗುವ ಮೀನು ಮೊಟ್ಟೆ ಇಡುವುದು ಮುಂದಿನ ವರ್ಷ ಚಳಿ ಕಳೆದ ಮೇಲೆ. ಅಲ್ಲಿಯವರೆಗೆ ಹೊಳೆಯಲ್ಲಿ ಅದು ತಿನ್ನುವುದು ತೀರಾ ಕಡಿಮೆ. ಹಸಿವಿಲ್ಲದ ಮೀನು ಗಾಳ ಯಾಕೆ ಕಚ್ಚುತ್ತದೆ? ಸಿಟ್ಟಿನಿಂದ ಅಂತ ಕೆಲವರು, ಹಳೇ ಚಟ ಅಂತ ಕೆಲವರು. ಕಾಫಿ ಹಿಡಿದು ಇದನ್ನೇ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನಮ್ಮಲ್ಲಿ ಯಕ್ಷಗಾನ ಮುಗಿದ ಮೇಲೆ ಭಾಗವತರ ಬಗ್ಗೆ ಮಾಡುವ ಹಾಗೆ.

ಜಾಗ ಪೋರ್ಟ್‌ಲ್ಯಾಂಡಿನಿಂದ ಕಾರಿನಲ್ಲಿ ಸುಮಾರು 2 ಗಂಟೆ, ಮಾಪಿನ್ ಎಂಬ ಸಣ್ಣ ಪೇಟೆ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲು ನೋಡಿದ್ದೀರಲ್ವಾ? ಅದೇ ತರದ ಕರಿ ಕಂಬಗಳು ಎರಡೂ ಬದಿಗೆ ಮುಗಿಲೆತ್ತರಕ್ಕೆ. ಗುಡ್ಡದಲ್ಲಿ ಒಣಹುಲ್ಲು ಮಾತ್ರ, ಬೇಸಿಗೆಯ ನಮ್ಮ ಪದವಿನ ಹಾಗೆ. ನೀರಿನ ಬದಿಗೆ ಮಾತ್ರ ಆಲ್ಡರ್ ಮರಗಳ ಹಸಿರು ಸಾಲು. ಹಾವೂ ಇದೆ, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವು. ಕಲ್ಲಿನ ಸಂದಿಗೆ ಕೈ ಹಾಕಬೇಡಿ.

ಬೆಳಗ್ಗೆ ಬೇಗ ಮತ್ತು ಸಂಜೆ, ನೀರಿನ ಮೇಲೆ ನೆರಳಿರುವಾಗ ಗಾಳ ಹಾಕಬೇಕು. ನಮ್ಮ ಹೊಳೆಗಳೆಲ್ಲ ಪಡುವಣಕ್ಕೆ ಹರಿದರೆ ಡೆಶೂಟ್ಸ್ ಹರಿಯುವುದು ಬಡಗಿಗೆ. ಮೀನು ನೀರಿಗೆ ಎದುರಾಗಿ, ಅಂದರೆ ತೆಂಕಿಗೆ ಮುಖ ಮಾಡಿ ನಿಲ್ಲುತ್ತದೆ. ಅಕ್ಟೋಬರಿನ ಸೂರ್ಯನೂ ತೆಂಕಿಗೇ ಇರುತ್ತಾನೆ. ಬಿಸಿಲು ನೇರ ಕಣ್ಣಿಗೆ ಹೊಡೆದರೆ ಮೇಲೆ ಬರುವ ಫ್ಲೈ, ಅಂದರೆ ಎರೆಹುಳದ ಬದಲು ಹಾಕುವ ಕೃತಕ ಎರೆ, ಅದಕ್ಕೆ ಕಾಣುವುದು ಹೇಗೆ? ನನ್ನನ್ನು ಅಲ್ಲಿಗೆ ಕರಕೊಂಡು ಹೋದ ಅಳಿಯ ಇದನ್ನು ಹೇಳಿದಾಗ ನನಗೆ ಆ ಹೊಳೆ ಅರ್ಧ ಅರ್ಥವಾಯಿತು.

ಈಗ ಫ್ಲೈ. ಹೆಸರಿಗೆ ನೊಣ, ನೊಣದ ಹಾಗೆ ಮಾತ್ರ ಇಲ್ಲ. ಅಳಿಯ ನನಗೆ ಕೊಟ್ಟದ್ದು ಗ್ರೀನ್ ಬಟ್ ಸ್ಕಂಕ್. ಕೊಕ್ಕೆಯ ಮೇಲೆ ಕಪ್ಪು ಮೈ, ಬೆಳ್ಳಿಯ ಸುತ್ತು, ಬಿಳಿ ರೆಕ್ಕೆ, ಕೆಂಪು ಬಾಲ, ಬಾಲದ ಬುಡದಲ್ಲಿ ಕಣ್ಣಿಗೆ ಕುಕ್ಕುವ ಗಿಳಿಹಸಿರು. ಒಟ್ಟು ನಿಮ್ಮ ಕಿರುಬೆರಳಿನ ಅರ್ಧ. ಕೊಕ್ಕೆಗೆ ಹಿಮ್ಮುಳ್ಳು ಇಲ್ಲ. ರಾಡ್ 13 ಅಡಿ, ಎರಡೂ ಕೈಯಲ್ಲಿ ಹಿಡಿಯಬೇಕು.

ಹಾಕುವ ಕ್ರಮ ಹೀಗೆ. ಹೊಳೆಗೆ ಅಡ್ಡ, ಸ್ವಲ್ಪ ಕೆಳಕ್ಕೆ ಓರೆಯಾಗಿ ಬೀಸಬೇಕು. ಲೈನಿನ ಹೊಟ್ಟೆಯನ್ನು, ಅಂದರೆ ನೀರಿನ ಮೇಲೆ ಬಾಗುವ ನಡುಭಾಗವನ್ನು, ಒಮ್ಮೆ ಮೇಲ್ನೀರಿನ ಕಡೆ ಎತ್ತಿ ಹಾಕಬೇಕು. ಆಮೇಲೆ ಸುಮ್ನೆ ನಿಲ್ಲಬೇಕು. ನೀರೇ ಫ್ಲೈಯನ್ನು ಆಚೆಯಿಂದ ಈಚೆಗೆ ಬಿಲ್ಲಿನ ಹಾಗೆ ಸರಿಸಿ ತರುತ್ತದೆ. ದಡದ ಹತ್ತಿರ ಬಂದು ನಿಂತಿತಾ? ಕೆಳಕ್ಕೆ ಎರಡು ಹೆಜ್ಜೆ ಇಟ್ಟು ಮತ್ತೆ ಬೀಸಿ. ಸಾವಿರ ಸಲ ಬೀಸಿದರೆ ಒಂದು ಮೀನು ಅಂತ ಅಲ್ಲಿ ಗಾದೆಯೇ ಇದೆ.

ಬಲಗೈಯ ವಿಷಯಕ್ಕೆ ಬಂದೆ. ನಮ್ಮಲ್ಲಿ ಮುಗುಡು ಗಾಳ ಮುಟ್ಟಿದ ಕೂಡಲೇ ಸರಕ್ಕನೆ ಎಳೆಯುತ್ತೇವೆ, ಅಲ್ವಾ? ಅಲ್ಲಿ ಎಳೆದರೆ ಕೆಲಸ ಕೆಟ್ಟಿತು. ಮೀನು ಫ್ಲೈ ಕಚ್ಚಿ ತಿರುಗಬೇಕು. ತಿರುಗಿದರೆ ಕೊಕ್ಕೆ ತಾನಾಗಿ ದವಡೆಯ ಮೂಲೆಗೆ ಕೂರುತ್ತದೆ. ಮೊದಲೇ ಎತ್ತಿದರೆ ಬಾಯಿಯ ಎದುರಿನಿಂದ ಜಾರಿ ಹೋಗುತ್ತದೆ.

ನನಗೆ ಆದದ್ದೂ ಅದೇ. ಎರಡನೇ ಸಂಜೆ, ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ಎದುರು ದಡದ ಹಳಿಯಲ್ಲಿ ಗೂಡ್ಸ್ ರೈಲು ಮುಗಿಯದ ಹಾಗೆ ಹೋಗುತ್ತಿತ್ತು. ನಾನು ಡಬ್ಬಿ ಎಣಿಸುತ್ತಿದ್ದೆ. ಮೂವತ್ತೆರಡಕ್ಕೆ ಬರುವಾಗ ಯಾರೋ ಹಿಂದಿನಿಂದ ಅಂಗಿ ಜಗ್ಗಿದ ಹಾಗಾಯಿತು. ಕೈ ಕೇಳಬೇಕಲ್ಲ! ಐವತ್ತು ವರ್ಷ ಮುಗುಡು ಎಳೆದ ಕೈ. ಎತ್ತಿಯೇ ಬಿಟ್ಟೆ. ಲೈನ್ ಸಡಿಲವಾಗಿ ನೀರಿನ ಮೇಲೆ ತೇಲಿತು. ಅಳಿಯ ಏನೂ ಹೇಳಲಿಲ್ಲ. ಥರ್ಮಾಸ್ ಬಿಚ್ಚಿ ಚಾ ಕೊಟ್ಟ. ಬೈದಿದ್ದರೆ ಬೇಕಿತ್ತು.

ಅಳಿಯನ ಮನೆಗೆ ಬಂದು ಅಂಗಳದಲ್ಲಿ ಅಭ್ಯಾಸ ಮಾಡಿದೆ. ಲೈನಿನ ತುದಿ ಮೊಮ್ಮಗಳ ಕೈಗೆ ಕೊಟ್ಟು, ನಿನಗೆ ತೋಚಿದಾಗ ಎಳಿ ಎಂದೆ. ನಾನು ಬೆನ್ನು ಹಾಕಿ ನಿಲ್ಲುವುದು. ಕೈ ಮೇಲೆದ್ದರೆ ಅವಳಿಗೊಂದು ಚಾಕಲೇಟ್. ಮೊದಲ ದಿನ ಹನ್ನೊಂದು ಸೋತೆ, ಮೂರನೇ ದಿನ ಎರಡು. ನೀವು ಅಡೂರಿನಲ್ಲೇ ಇದನ್ನು ಮಾಡಬಹುದು. ಮೊಮ್ಮಕ್ಕಳು ಇಲ್ಲದಿದ್ದರೆ ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ.

ಮುಂದಿನ ವಾರ ಒಂದು ಸಿಕ್ಕಿತು. ಎರಡೂವರೆ ಕಿಲೋ ಇರಬಹುದು. ಬೆಳ್ಳಿ ಮೈ, ಕೆನ್ನೆಯಿಂದ ಬಾಲದವರೆಗೆ ತಿಳಿಗುಲಾಬಿ ಗೀರು. ಬೆನ್ನಿನಲ್ಲಿ, ಬಾಲದ ಸ್ವಲ್ಪ ಮುಂದೆ ಬೆರಳ ತುದಿಯಷ್ಟು ಸಣ್ಣ ರೆಕ್ಕೆ ಇತ್ತು. ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮರಿಯಾದರೆ ಆ ರೆಕ್ಕೆ ಕತ್ತರಿಸಿ ಬಿಡುತ್ತಾರೆ, ಅದನ್ನು ಮಾತ್ರ ಮನೆಗೆ ತರಬಹುದು. ರೆಕ್ಕೆ ಇದ್ದರೆ ಹೊಳೆಯಲ್ಲೇ ಹುಟ್ಟಿದ ಮೀನು, ಬಿಡಲೇಬೇಕು. ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿದೆ. ಬಾಲ ಕೈಯಲ್ಲಿದ್ದದ್ದು ಅರ್ಧ ನಿಮಿಷ. ಆ ನೀರಿನ ಥಂಡಿಗೆ ಬೆರಳು ಮರಗಟ್ಟಿತ್ತು, ಮೀನು ಹೋದದ್ದೇ ಗೊತ್ತಾಗಲಿಲ್ಲ. "ಇಷ್ಟು ದೂರ ಬಂದು ಬರಿಗೈಯಾ?" ಎಂದಳು ನನ್ನ ಹೆಂಡತಿ. ಆ ರಾತ್ರಿಯ ಸಾರಿಗೆ ಮೀನು ಬಂದದ್ದು ಅಂಗಡಿಯಿಂದ.

ಇನ್ನೆರಡು ಮಾತು. ಅಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕಲಿಕ್ಕಿಲ್ಲ, ಇಳಿದು ನೀರಿನಲ್ಲಿ ನಿಲ್ಲಬೇಕು. ಕಲ್ಲು ಮಳೆಗಾಲದ ಬಾವಿಕಟ್ಟೆಗಿಂತ ಜಾಸ್ತಿ ಜಾರುತ್ತದೆ. ಕೋಲು ಹಿಡಿಯಿರಿ, ವೇಡರ್ (ನೀರಿಗಿಳಿಯುವಾಗ ಹಾಕುವ, ನೀರು ಒಳಗೆ ಬಿಡದ ಉದ್ದ ಉಡುಪು) ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ತೊಡೆಗಿಂತ ಆಳಕ್ಕೆ ಹೋಗಬೇಡಿ. ಲೈಸೆನ್ಸು, ಹಿಡಿದ ಮೀನಿನ ಲೆಕ್ಕ ಬರೆಯುವ ಟ್ಯಾಗು ಎಲ್ಲ ಮಗ ಮಾಡಿಸಲಿ. ಹೊರಡುವ ವಾರ ನಿಯಮವನ್ನೂ ನೋಡಲಿ, ಯಾಕೆಂದರೆ 2021ರಲ್ಲಿ ಮೀನು ತೀರಾ ಕಡಿಮೆ ಬಂದು ಆ ಹೊಳೆಯಲ್ಲಿ ಸ್ಟೀಲ್‌ಹೆಡ್ ಹಿಡಿಯುವುದನ್ನೇ ನಿಲ್ಲಿಸಿದ್ದರು.

ಪ್ರಶ್ನೆ: ಊಟಿ ಕಡೆಯ ಟ್ರೌಟೂ ಅಮೆರಿಕದ ಸ್ಟೀಲ್‌ಹೆಡ್ಡೂ ಒಂದೇನಾ?
— ಓದುಗರು, ಕುಂಬಳೆ

ಉತ್ತರ: ಜಾತಿ ಒಂದೇ. ನೀಲಗಿರಿಯ ತಂಪು ಹೊಳೆಗಳಿಗೆ ರೇನ್‌ಬೋ ಟ್ರೌಟನ್ನು ಬ್ರಿಟಿಷರು ತಂದು ಬಿಟ್ಟರು. ಅದು ಘಟ್ಟ ಇಳಿದು ಕಡಲಿಗೆ ಹೋಗುವ ಹಾಗಿಲ್ಲ, ಕೆಳಗಿನ ನೀರು ಅದಕ್ಕೆ ತುಂಬಾ ಬಿಸಿ.

ಪ್ರಶ್ನೆ: ಮಾಷ್ಟ್ರೇ, ಮೊದಲ ಮಳೆಗೆ ಗದ್ದೆಗೆ ಹತ್ತುವ ಉಬೆರ್ ಮೀನನ್ನು ನಾವು ಹಿಡಿಯುತ್ತೇವೆ. ತಪ್ಪು ಅಂತಾರೆ ಕೆಲವರು. ಹೌದಾ?
— ಓದುಗರು, ಬದಿಯಡ್ಕ

ಉತ್ತರ: ಕೇರಳದಲ್ಲಿ ಅದಕ್ಕೆ ನಿಷೇಧವಿದೆ. ಮಲಯಾಳದಲ್ಲಿ ಊತ್ತ ಎನ್ನುವುದು ಇದನ್ನೇ. ಹತ್ತುವುದು ಮೊಟ್ಟೆ ಇಡಲು, ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ನಾನೂ ಹುಡುಗನಾಗಿದ್ದಾಗ ಟಾರ್ಚು, ಕತ್ತಿ ಹಿಡಿದು ಅಪ್ಪನ ಹಿಂದೆ ಹೋದವನೇ. ಒಂದು ರಾತ್ರಿಗೆ ಎರಡು ಕೊಡಪಾನ ತುಂಬುತ್ತಿತ್ತು. ಹೋದ ಜೂನಿನಲ್ಲಿ ಅದೇ ಗದ್ದೆಯ ಹುಣಿಯಲ್ಲಿ ಕೊಡೆ ಹಿಡಿದು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ನಿಂತೆ. ಮೇಲೆ ಹತ್ತಿದ್ದು ನಾಲ್ಕು ಮುಗುಡು. ಎಣಿಸಿ ಮನೆಗೆ ಬಂದೆ.