ಮಂಚದ ಕೆಳಗಿಂದ ಹೊರಗೇ ಬಾರದ ನಾಯಿಗೆ ಧೈರ್ಯ ತುಂಬುವುದು ಹೇಗೆ?

ಬೆಂಗಳೂರಿನ ಫ್ಲಾಟಿನಿಂದ ತೀರ್ಥಹಳ್ಳಿ ಕಡೆಯ ನಿಮ್ಮ ತೋಟದ ಮನೆಗೆ ಬಂದು ಹತ್ತು ದಿನವಾದ, 8 ತಿಂಗಳ ಹೆಣ್ಣು ನಾಯಿ. ಮಂಚದ ಕೆಳಗೇ ಇರುತ್ತದೆ, ಕುಕ್ಕರ್ ಕೂಗಿದರೆ ನಡುಗುತ್ತದೆ, ನೆಂಟರನ್ನು ಕಂಡರೆ ಉಚ್ಚೆ ಹೊಯ್ದುಕೊಳ್ಳುತ್ತದೆ ಅಂದಿದ್ದೀರಿ. ಬಂದವರ ಕೈಯಲ್ಲೆಲ್ಲ ಬಿಸ್ಕತ್ತು ಕೊಡಿಸಿ ರೂಢಿ ಮಾಡಿಸಲೇ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬಿಸ್ಕತ್ತಿನ ಆಸೆಗೆ ಬಂದ ಹೆದರುಪುಕ್ಕಲು ನಾಯಿಯನ್ನು ನೋಡಿ: ಕತ್ತು ಮುಂದೆ ಚಾಚಿರುತ್ತದೆ, ಹಿಂಗಾಲು ಮಾತ್ರ ಹಿಂದೆಯೇ ಊರಿರುತ್ತದೆ. ತಿಂಡಿ ಬಾಯಿಗೆ ಬಿದ್ದ ಮೇಲೇ ಅದಕ್ಕೆ ತಾನು ಎಷ್ಟು ಹತ್ತಿರ ಬಂದಿದ್ದೇನೆ ಅಂತ ಗೊತ್ತಾಗುವುದು. ಅಷ್ಟರಲ್ಲಿ ನೆಂಟರು ತಲೆ ಸವರಲು ಕೈ ಎತ್ತಿರುತ್ತಾರೆ. ಹಿಂದೆ ಸರಿಯಲು ಪುರುಸೊತ್ತು ಸಿಗದೆ ಕಚ್ಚುತ್ತದೆ.

ಅದರ ಬದಲು ನೆಂಟರು ಜಗಲಿಯಲ್ಲಿ ಪಕ್ಕಕ್ಕೆ ತಿರುಗಿ ಕೂತು, ಅದರ ಕಣ್ಣನ್ನು ದಿಟ್ಟಿಸದೆ, ತಿಂಡಿಯನ್ನು ನಾಯಿಯ ಬೆನ್ನ ಹಿಂದೆ ಬೀಳುವ ಹಾಗೆ ಎಸೆಯಲಿ. ತಿನ್ನಲು ದೂರ ಹೋಗುತ್ತದೆ, ತಿಂದು ತಾನಾಗಿಯೇ ತಿರುಗಿ ಬರುತ್ತದೆ. 5-6 ಸಲ ಆದ ಮೇಲೆ ನಿಲ್ಲಿಸಿ. ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಕಡಲೆಕಾಳಿನಷ್ಟು ಚೂರು ಸಾಕು. ಈರುಳ್ಳಿ, ಮಸಾಲೆ ತಾಗಿರಬಾರದು.

ಎಷ್ಟು ದೂರದಲ್ಲಿರಬೇಕು ಅಂತ ತಿಂಡಿಯೇ ಹೇಳುತ್ತದೆ. ಕೋಳಿಯನ್ನೂ ಮೂಸದಿದ್ದರೆ ತೀರಾ ಹತ್ತಿರವಾಯಿತು. ಅದಕ್ಕೂ ಮೊದಲು ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಶುರುವಾಗಿರುತ್ತದೆ. ಆಗಲೇ ಹತ್ತು ಹೆಜ್ಜೆ ಹಿಂದೆ ಕರೆದುಕೊಂಡು ಹೋಗಿ. ಗುರ್ ಅಂದರೆ ಗದರಬೇಡಿ. ಗುರುಗುಟ್ಟುವುದನ್ನು ಹೊಡೆದು ಬಿಡಿಸಿದರೆ ಸೂಚನೆಯನ್ನೇ ಕೊಡದೆ ಕಚ್ಚುವುದನ್ನು ಕಲಿಯುತ್ತದೆ. ಉಚ್ಚೆಗೂ ಬೈಯಬೇಡಿ, ಅದು ಭಯಕ್ಕೆ ಆಗುವುದು, ಹಟಕ್ಕಲ್ಲ.

ಕುಕ್ಕರ್ ವಿಷಯದಲ್ಲಿ ಮೊದಲು ಶಬ್ದ, ಆಮೇಲೆ ತಿಂಡಿ. ತಿರುವುಮುರುವಾದರೆ ತಿಂಡಿ ಕಂಡರೇ ಬೆದರತೊಡಗುತ್ತದೆ. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕಿವಿ ನಿಮಿರಿಸುವಷ್ಟೇ ಸಣ್ಣಗೆ ಹಾಕಿ, ಕೇಳಿದ ಮೇಲೆ ಚೂರು ಕೊಡಿ. ದಿನಕ್ಕೆ 5 ನಿಮಿಷ. ಈ ಅಭ್ಯಾಸ ನಡೆಯುವಷ್ಟು ದಿನ ನಿಜವಾದ ಕುಕ್ಕರ್ ಇಡುವಾಗ ನಾಯಿ ದೂರದ ಕೋಣೆಯಲ್ಲಿರಲಿ. ತಗಡಿನ ಮೇಲೆ ಬೀಳುವ ಮಳೆಗೆ, ತೋಟದಲ್ಲಿ ಮಂಗ ಓಡಿಸುವ ಪಟಾಕಿಗೆ ಇದೇ ದಾರಿ. ಮುಂಗಾರು ಹಿಡಿಯುವ ಮೊದಲೇ ಶುರು ಮಾಡಿ. ಹೆದರಿ ಮಡಿಲಿಗೆ ಬಂದರೆ ಸವರಿ ಸಮಾಧಾನ ಮಾಡಿ. ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದು ಸುಳ್ಳು.

ಹಗಲು ಕಟ್ಟಿ ರಾತ್ರಿ ಬಿಡುವ ನಮ್ಮ ಕಡೆಯ ರೂಢಿ ಇದಕ್ಕೆ ಬೇಡ. ಸರಪಳಿಯಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ರಾತ್ರಿ ಹೊರಗೆ ಚಿರತೆ ಕಾಟ. ಮಂಚದ ಕೆಳಗೇ ಹಳೆ ಕಂಬಳಿ ಹಾಸಿ, ಅಲ್ಲಿಂದ ಎಳೆದು ತೆಗೆಯಬೇಡಿ. ಹೊರಗೆ ಕರೆದೊಯ್ಯಲು ಕುತ್ತಿಗೆ ಬೆಲ್ಟ್ ಸಾಲದು, ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ಬಿಗಿಯುವ ಹಾರ್ನೆಸ್ ಹಾಕಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಊರ ನಾಯಿಗಳ ಗೆಳೆತನಕ್ಕೆ ಬಿಡುವ ಮುನ್ನ ರೇಬೀಸ್ ಲಸಿಕೆ ಆಗಿರಲೇಬೇಕು.

ಮರಿ ಲೋಕಕ್ಕೆ ಸುಲಭವಾಗಿ ಹೊಂದಿಕೊಳ್ಳುವುದು ಸುಮಾರು 3ರಿಂದ 14 ವಾರದೊಳಗೆ. ನಿಮ್ಮದಕ್ಕೆ ಆ ಕಾಲ ದಾಟಿರುವುದರಿಂದ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮೈಯ ಒಂದೇ ಜಾಗ ಮುಟ್ಟಿದಾಗೆಲ್ಲ ಕಿರುಚಿದರೆ ಅದು ನೋವೂ ಇರಬಹುದು. ಕಿವಿ, ಪಾದ ನೋಡಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಮ್ಮೆ ತೋರಿಸಿ.