ಕಾರ್ತೀಕದಲ್ಲಿ ಕಂಡ ತೋಟವನ್ನು ಚೈತ್ರದಲ್ಲೊಮ್ಮೆ ನೋಡಿ

ಓದುಗರ ಪತ್ರ: ತಿಪಟೂರಿನ ಹತ್ತಿರ 2 ಎಕರೆ 10 ಗುಂಟೆ ತೆಂಗಿನ ತೋಟ ನೋಡಿದ್ದೇವೆ. ದೊಡ್ಡ ಸರ್ವೆ ನಂಬರಿನ ಒಂದು ಭಾಗ ಅದು. 60 ಮರ, ಒಂದು ಬೋರು ಇದೆ. ಪಹಣಿ ಕ್ಲಿಯರ್ ಎನ್ನುತ್ತಾರೆ. ದೀಪಾವಳಿಗೆ ಹೋದಾಗ ಎಲ್ಲ ಹಸಿರಾಗಿತ್ತು. ಅಡ್ವಾನ್ಸ್ ಕೊಟ್ಟು ಮನೆ ಶುರುಮಾಡಬಹುದೇ? — ಬೆಂಗಳೂರಿನ ಓದುಗರು

ಸಂಪಾದಕರ ಉತ್ತರ: ಈಗಲೇ ಬೇಡ. ದೀಪಾವಳಿ ಹೊತ್ತಿಗೆ ಆ ಸೀಮೆಯಲ್ಲಿ ಯಾವ ತೋಟ ತಾನೇ ಹಸಿರಾಗಿರುವುದಿಲ್ಲ? ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಿ. 200 ಲೀಟರಿನ ಡ್ರಮ್ ಇಟ್ಟು, ತ್ರೀ ಫೇಸ್ ಕರೆಂಟ್ ಇರುವಷ್ಟು ಹೊತ್ತೂ ಮೋಟರ್ ಓಡಿಸಿ, ಗಂಟೆಗೊಮ್ಮೆ ಡ್ರಮ್ ತುಂಬುವ ಸಮಯ ಬರೆದುಕೊಳ್ಳಿ. 4 ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 60 ಲೀಟರ್ ಎಂದರೂ ನಿಮಗೆ ಬೇಕಾದದ್ದು 3,600. ಮನೆಗೆ ಇನ್ನೊಂದು 600. ಮೊದಲ ಗಂಟೆಯ ಲೆಕ್ಕ ನಂಬಬೇಡಿ. ಮೂರನೇ ಗಂಟೆಗೆ ನೀರು ಬಿಟ್ಟು ಬಿಟ್ಟು ಬರತೊಡಗಿದರೆ, ‘ಬೋರಿನಲ್ಲಿ ಎರಡು ಇಂಚು ನೀರಿದೆ’ ಎಂದು ಮಾರುವವರು ಹೇಳಿದರೂ ಆ ಮಾತಿಗೆ ಬೆಲೆಯಿಲ್ಲ. ಅದೇ ನೀರನ್ನು ಫ್ಲೋರೈಡ್ ಪರೀಕ್ಷೆಗೂ ಕೊಡಿ. ತುಮಕೂರು ಜಿಲ್ಲೆಯ ಹಲವು ಕಡೆ ಅದರ ಕಾಟವಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು ಚಾವಣಿಯ ಮಳೆನೀರು ಹಿಡಿಯಬೇಕಾಗುತ್ತದೆ.

‘ಪಹಣಿ ಕ್ಲಿಯರ್’ ಅನ್ನುವುದು ಅರ್ಧ ಮಾತು. 9ನೇ ಕಾಲಮ್ಮಿನಲ್ಲಿ ಹೆಸರು ಜಂಟಿಯಾಗಿದ್ದರೆ ಎಲ್ಲರ ಸಹಿ ಬೇಕು. ಜಮೀನು ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಕೇಳಿ. ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳಿಗೂ ಪಾಲಿದೆ. 10ನೇ ಕಾಲಮ್ಮಿನ ಎಂ.ಆರ್. ನಂಬರ್ (ಖಾತೆ ಬದಲಾವಣೆಯ ದಾಖಲೆಯ ಸಂಖ್ಯೆ) ಹಿಡಿದು, ಕೈಬರಹದ ಹಳೇ ಪಹಣಿಗಳವರೆಗೂ ಹೋಗಿ, ಜಮೀನು ಮೊದಲು ಹೇಗೆ ಬಂತೆಂದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ ಅನುಮತಿಯಿಲ್ಲದ ಮಾರಾಟ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಊರ್ಜಿತವಲ್ಲ. 2023ರ ತಿದ್ದುಪಡಿಯ ಪ್ರಕಾರ, ಅಂಥ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ತಡೆ ಮಾತ್ರ 2020ರಲ್ಲೇ ಹೋಗಿದೆ. ಜಮೀನಿನ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) 30 ವರ್ಷದ್ದು ತೆಗೆಸಿ.

ಸರ್ವೆ ನಂಬರಿನ ಭಾಗವಾದ್ದರಿಂದ, ಮಾರುವ ಭಾಗವನ್ನಷ್ಟೇ ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ಸರ್ವೇಯರ್ ಅಳತೆಗೆ ಬಂದ ದಿನ ನೀವೂ ನಿಂತು ಕಲ್ಲು ಹಾಕಿಸಿಕೊಳ್ಳಿ. ದಾರಿಯನ್ನು ಗ್ರಾಮ ನಕ್ಷೆಯಲ್ಲಿ ಹುಡುಕಿ. ಅಲ್ಲಿ ಬಂಡಿದಾರಿ ಇಲ್ಲದೆ ಪಕ್ಕದವರ ಬದುವಿನ ಮೇಲೆ ಓಡಾಡುತ್ತಿದ್ದರೆ, ಆ ಹಕ್ಕನ್ನು ಅವರಿಂದ ನೋಂದಣಿ ಮಾಡಿಸಿಕೊಂಡೇ ದುಡ್ಡು ಕೊಡಿ. ಮಾರುವವರು ‘ಯಾರೂ ಏನೂ ಅನ್ನಲ್ಲ’ ಅಂದರೆ, ಅದು ಅವರ ಮಟ್ಟಿಗೆ ನಿಜವಿರಬಹುದು.

ಮರಗಳ ಬುಡವನ್ನು ಒಂದೊಂದಾಗಿ ನೋಡಿ. ಬುಡದಲ್ಲಿ ಕೆಂಪುಮಿಶ್ರಿತ ಕಂದು ರಸ ಸೋರುತ್ತಿದ್ದರೆ ಅಣಬೆ ರೋಗ. ಬಲಿತ ಮೇಲೆ ಮರ ಉಳಿಯುವುದಿಲ್ಲ, ಮಣ್ಣಿನ ಮೂಲಕ ಪಕ್ಕದ ಮರಕ್ಕೂ ಹೋಗುತ್ತದೆ. ಅಂಥವನ್ನು ಬಿಟ್ಟು ಮರಗಳ ಲೆಕ್ಕ ಹಿಡಿಯಿರಿ. ಇನ್ನೊಂದು: ಬರದ ಪೆಟ್ಟು ತೆಂಗಿನ ಇಳುವರಿಯಲ್ಲಿ ಎರಡು ಮೂರು ವರ್ಷ ಕಾಣುತ್ತದೆ. ಈಗಿನ ಗೊನೆ ಹಿಂದಿನ ಆರೈಕೆಯ ಫಲ; ಗೊಬ್ಬರ ನಿಂತು ಎಷ್ಟು ವರ್ಷವಾಯಿತೆಂದು ಕೇಳಿ. ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಬೇಕು. 60 ಮರಕ್ಕೆ 3 ಟನ್, ಮೊದಲ ವರ್ಷವೇ.

ಆದಾಯದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ತಿಪಟೂರಿನ ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಒಣಗಬೇಕು. ಅಟ್ಟವಿಲ್ಲದವರು ಕಾಯಿಯನ್ನೇ ಮಾರಬೇಕು. ಹಾಗಾಗಿ ಮೊದಲ ವರ್ಷದ ಖರ್ಚು ಬೆಂಗಳೂರಿನ ದುಡ್ಡಿನಿಂದಲೇ ನಡೆಯಬೇಕು. ಬೆಂಗಳೂರಿನ ಕೆಲಸ ಬಿಟ್ಟು ಬರುವ ಯೋಚನೆಯಿದ್ದರೆ ಆ ತಾರೀಖನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಮನೆಗೆ ಆತುರ ಬೇಡ. ಕೃಷಿ ಜಮೀನಿನಲ್ಲಿ ತೋಟದ ಮನೆ ಹಿಡುವಳಿಯ ಶೇ. 10 ದಾಟುವಂತಿಲ್ಲ; ನಿಮಗೆ ಅದು 9 ಗುಂಟೆ, ಧಾರಾಳ. ಹೋಂ ಸ್ಟೇ ಆಸೆಯಿದ್ದರೆ ಭೂಪರಿವರ್ತನೆ ಮಾಡಿಸಬೇಕು. ಪರಿವರ್ತನೆಯಾಗದ ನೆಲಕ್ಕೆ ಗೃಹಸಾಲ ಸಿಗುವುದೂ ಕಷ್ಟ. ಪಂಪ್‌ಸೆಟ್ಟಿನ ಲೈನಿನಲ್ಲಿ ಮನೆ ನಡೆಯುವುದಿಲ್ಲವಾದ್ದರಿಂದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಎಷ್ಟು ದೂರವಿದೆ, ಎಷ್ಟು ಕಂಬ ಬೇಕು ಎಂದು ಮೊದಲೇ ಕೇಳಿ. ಒಂದು ಮುಂಗಾರು, ಒಂದು ಹಿಂಗಾರು ಶೆಡ್ಡಿನಲ್ಲೇ ಕಳೆದು, ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡ ಮೇಲೆ ಪಾಯ ತೋಡಿಸಿ. ಗೋಡೆ ಮರದಿಂದ 20 ಅಡಿಯಾದರೂ ದೂರವಿರಲಿ. ಒಣಗರಿ, ಕಾಯಿ ಬಿದ್ದು ಹೆಂಚು ಒಡೆಯುವುದು ತಪ್ಪುತ್ತದೆ.